ಚಿತ್ರದುರ್ಗ, ದಾವಣಗೆರೆ ಕಡೆ ಗುಡ್ಡ-ಕಣಿವೆ ನಡುವೆ ಲಾರಿ ಕಾಟ ಇಲ್ಲದೆ ಸೈಕಲ್ ಟೂರ್ ಮಾಡೋಕೆ ಯಾವ ದಾರಿ ಒಳ್ಳೇದು?

ನೀವು ಕೇಳಿದ್ದು ಇಷ್ಟು: ಕೈಲಿ ಮೂರು ದಿನ ರಜೆ ಇದೆ, ಟೂರಿಂಗ್ ಸೈಕಲ್ ಇದೆ, ಹೈವೇ ಬೇಡ, ಮಲೆನಾಡಿನ ತನಕ ಹೋಗೋಕೆ ಟೈಮ್ ಇಲ್ಲ, ಚಿತ್ರದುರ್ಗದ ಸುತ್ತ ಗುಡ್ಡದ ನಡುವೆ ಸದ್ದಿಲ್ಲದ ದಾರಿ ಇದೆಯಾ ಅಂತ. ಖಂಡಿತ ಇದೆ. ನಾನು ದುರ್ಗದವನೇ, ಕೆಲಸಕ್ಕೆ ದಾವಣಗೆರೆಯಲ್ಲಿದ್ದೀನಿ, ಈ ಎರಡು ಊರಿನ ನಡುವಿನ ಹಳ್ಳಿ ರಸ್ತೆಗಳಲ್ಲಿ ಸುಮಾರು ವರ್ಷದಿಂದ ಸೈಕಲ್ ಓಡಿಸ್ತಿದ್ದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮ ಕಡೆ ಘಾಟಿ ಇಲ್ಲ, ಆಗುಂಬೆ ಥರ ತಿರುವು ಮೇಲೆ ತಿರುವು ಸಿಗಲ್ಲ. ಇಲ್ಲಿನ ಗುಡ್ಡಗಳು ಹೆಚ್ಚುಕಮ್ಮಿ ಉತ್ತರದಿಂದ ದಕ್ಷಿಣಕ್ಕೆ ಗೋಡೆ ಹಾಕಿದ ಹಾಗೆ ಸಾಲಾಗಿ ಮಲಗಿವೆ, ಗದಗದ ಕಡೆಯಿಂದ ಶ್ರೀರಂಗಪಟ್ಟಣದ ತನಕ ಹೋಗೋ ಬಹಳ ಹಳೇ ಕಲ್ಲಿನ ಪಟ್ಟಿ ಇದು. ಈ ಗೋಡೆನ ಹಳ್ಳ ಹೊಳೆ ಎಲ್ಲಿ ಕೊರ್ಕೊಂಡು ಆಚೆ ಹೋಗಿವೆಯೋ ಅದೇ ಕಣಿವೆ, ಮತ್ತೆ ಅಂಥ ಕಣಿವೆ ಕಂಡ ಕಡೆ ಹಿಂದಿನವರು ಎರಡು ಗುಡ್ಡದ ನಡುವೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ದಾರೆ. ಹೈವೇಗಳು ಬಯಲು ಹುಡುಕ್ಕೊಂಡು ಹೋಗ್ತವೆ, ಲಾರಿನೂ ಅಲ್ಲೇ ಹೋಗ್ತವೆ. ನಾನು ಹೊಸ ದಾರಿ ನೋಡುವಾಗ ಮ್ಯಾಪ್‌ನಲ್ಲಿ ಮೊದಲು ನೀಲಿ ಬಣ್ಣ ಎಲ್ಲಿದೆ ನೋಡ್ತೀನಿ, ಆಮೇಲೆ ಅದರ ಪಕ್ಕದ ಸಣ್ಣ ರಸ್ತೆ. ಇದುವರೆಗೂ ಈ ಲೆಕ್ಕ ಕೈ ಕೊಟ್ಟಿಲ್ಲ.

ಅಂಥ ಎರಡು ದೊಡ್ಡ ಕಣಿವೆ ಇವೆ, ಒಂದು ಮಾರಿಕಣಿವೆ, ಇನ್ನೊಂದು ಸೂಳೆಕೆರೆ. ನಿಮ್ಮ ಮೂರು ದಿನಕ್ಕೆ ಇವೆರಡನ್ನೂ ಜೋಡಿಸಿಬಿಡಿ.

ಮೊದಲನೇ ದಿನ ಚಿತ್ರದುರ್ಗದಿಂದ ಹೊರಡಿ. ಹಿಂದಿನ ದಿನ ಸಂಜೆನೇ ಬಂದ್ರೆ ಚಂದ್ರವಳ್ಳಿಗೆ ಹೋಗಿ ಬನ್ನಿ, ಊರಿಗೆ ಅಂಟಿಕೊಂಡೇ ಇದೆ, ಮೂರು ಕಡೆ ಬಂಡೆ ಗುಡ್ಡ ನಡುವೆ ಕೆರೆ, ಕದಂಬರ ಮಯೂರಶರ್ಮನ ಶಾಸನ ಇರೋದೂ ಅಲ್ಲೇ, ಅದರಲ್ಲಿರೋದೂ ಕೆರೆ ಮಾಡಿಸಿದ ವಿಷಯನೇ. ಜೋಗಿಮಟ್ಟಿ ಹತ್ತಬೇಕು ಅನ್ನೋರಿಗೆ ಅದು 10 ಕಿ.ಮೀ. ಆಸುಪಾಸು, ಅರಣ್ಯ ಇಲಾಖೆ ಗೇಟ್ ಇದೆ, ಕೇಳ್ಕೊಂಡು ಒಳಗೆ ಹೋಗಬೇಕು, ಏರು ಜೋರಿದೆ, ಲಗೇಜ್ ಕಟ್ಕೊಂಡು ಮಾತ್ರ ಹತ್ತಬೇಡಿ.

ದುರ್ಗದಿಂದ ಹಿರಿಯೂರಿಗೆ ಹೈವೇಲಿ 40 ಕಿ.ಮೀ. ಹತ್ರ, ಸೈಕಲ್‌ಗೆ ಅದು ಬೇಡ. ಮರಡಿಹಳ್ಳಿ ಕಡೆ ಇಳಿದು ಹೋಗಿ. ಅಲ್ಲಿ ನೋಡೋಕೆ ಒಂದು ಗುಡ್ಡ ಇದೆ, ಜೋಳದ ಮೂಟೆ ಒಟ್ಟಿದ ಹಾಗೆ ಗುಂಡು ಗುಂಡು ಕಲ್ಲು ಒಂದರ ಮೇಲೊಂದು ಕೂತಿರುತ್ತೆ, ಪಿಲ್ಲೋ ಲಾವಾ ಅಂತಾರೆ, ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿ ದಿಂಬಿನ ಆಕಾರಕ್ಕೆ ಗಟ್ಟಿಯಾಗಿದ್ದು, ಸುಮಾರು 250 ಕೋಟಿ ವರ್ಷದ ಹಿಂದಿನದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿದೆ. ಬರಗಾಲದ ಸೀಮೆ ಅಂತ ಹೆಸರಾದ ಜಾಗದಲ್ಲಿ ನಿಂತು ಒಂದು ಕಾಲಕ್ಕೆ ಇದು ಸಮುದ್ರದ ತಳ ಆಗಿತ್ತು ಅಂತ ಆ ಕಲ್ಲಿನ ಮೇಲೆ ಕೈ ಇಟ್ಟು ನೋಡಿ, ನನಗಂತೂ ಪ್ರತಿ ಸಲನೂ ಮೈ ಜುಂ ಅನ್ನುತ್ತೆ. ಆಮೇಲೆ ಐಮಂಗಲ ದಾಟಿ ಹಳ್ಳಿ ಹಳ್ಳಿ ಕೇಳ್ಕೊಂಡು ವಾಣಿವಿಲಾಸಪುರದ ಕಡೆ ಹೋಗಿ, ಮಾರಿಕಣಿವೆ ಡ್ಯಾಂ ಇರೋದು ಅಲ್ಲೇ.

ಮಾರಿಕಣಿವೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಬಾಬಾಬುಡನ್‌ಗಿರಿ ಕಡೆಯಿಂದ ಬರೋ ವೇದಾವತಿ ಈಶಾನ್ಯಕ್ಕೆ ಹರಿಯೋ ಹೊಳೆ, ಅದರ ದಾರಿಗೆ ಗುಡ್ಡದ ಸಾಲು ಅಡ್ಡ, ಆ ಸಾಲನ್ನ ಹೊಳೆ ಸೀಳಿ ಹೋದ ಜಾಗದಲ್ಲೇ ಡ್ಯಾಂ ಇರೋದು. 1898ರಲ್ಲಿ ಕೆಲಸ ಶುರು ಮಾಡಿ 1907ಕ್ಕೆ ಮುಗಿಸಿದ್ದು, ಮಹಾರಾಣಿ ವಾಣಿವಿಲಾಸರ ಹೆಸರೇ ಇಟ್ಟಿದ್ದಾರೆ. ನೀರಿನ ಮಟ್ಟ 130 ಅಡಿಗೆ ಬಂದ್ರೆ ಕೋಡಿ. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಆಮೇಲೆ 89 ವರ್ಷ ಬೀಳಲೇ ಇಲ್ಲ, 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೊಂದು ಸಲ. 2022ರಲ್ಲಿ ನಾನು ಸೈಕಲ್‌ನಲ್ಲೇ ಹೋಗಿದ್ದೆ, ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಜನ ಬಂದಿದ್ರು, ಒಬ್ಬ ಅಜ್ಜಿ ಕೋಡಿ ನೀರು ನೋಡಿ ಕೈ ಮುಗಿದು ಸೆರಗಲ್ಲಿ ಕಣ್ಣು ಒರೆಸಿಕೊಳ್ತಿದ್ರು, "ನಮ್ಮಪ್ಪ ಹೇಳ್ತಿದ್ದ, ನಾ ನೋಡ್ತೀನಿ ಅನ್ಕಂಡಿರ್ಲಿಲ್ಲ ಕಣಪ್ಪ" ಅಂದ್ರು. ಅವತ್ತಿಂದ ನನಗೆ ಅದು ಬರೀ ಪಿಕ್ನಿಕ್ ಜಾಗ ಅಲ್ಲ. ನೀವು ಹೋದಾಗ ಕಣಿವೆ ಮಾರಮ್ಮನ ಗುಡಿ ಹತ್ರ ಸೈಕಲ್ ನಿಲ್ಸಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಎರಡೂ ಕಡೆ ಗುಡ್ಡ ಎಷ್ಟು ಹತ್ರ ಬಂದು ನಿಂತಿವೆ ಅನ್ನೋದು ಆಗ ಗೊತ್ತಾಗುತ್ತೆ. ಭಾನುವಾರ ಮಾತ್ರ ಬೇಡ, ಕಾರುಗಳ ಜಾತ್ರೆ.

ರಾತ್ರಿ ಉಳಿಯೋಕೆ ಹಿರಿಯೂರು ಟೌನ್‌ಗೆ ಹೋಗೋದೇ ವಾಸಿ, 20 ಕಿ.ಮೀ. ಒಳಗೇ ಇದೆ. ಟೆಂಟ್ ಇದೆ ಅಂತ ಗುಡ್ಡದ ಪಕ್ಕ ಮಲಗಬೇಡಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ, ಕತ್ತಲಲ್ಲಿ ಮತ್ತೆ ನಸುಕಲ್ಲಿ ಓಡಾಡೋದು ಅವೇ, ನಾನು ಬೆಳಕು ಹರಿದು ಹಳ್ಳಿಯವರು ಹೊಲಕ್ಕೆ ಹೊರಟ ಮೇಲೇ ಸೈಕಲ್ ಹತ್ತೋದು.

ಎರಡನೇ ದಿನ ಡ್ಯಾಂ ಹಿನ್ನೀರಿನ ಕಡೆಯಿಂದ ಹೊಸದುರ್ಗಕ್ಕೆ. ನನ್ನ ಕೇಳಿದ್ರೆ ಮೂರು ದಿನದಲ್ಲಿ ಇದೇ ಚೆನ್ನಾಗಿರೋ ದಿನ. ತೆಂಗಿನ ತೋಟ, ದಾಳಿಂಬೆ, ನಡುನಡುವೆ ಕುರುಚಲು ಕಾಡಿನ ಗುಡ್ಡ, ಅರ್ಧ ಗಂಟೆಗೊಂದು ಬೈಕ್ ಬಂದ್ರೆ ಹೆಚ್ಚು. ಹಾಲುರಾಮೇಶ್ವರ ಈ ಭಾಗದಲ್ಲೇ ಬರುತ್ತೆ, ಗುಡಿ ಪಕ್ಕ ನೀರಿನ ಕೊಳ ಇದೆ, ಜನ ಅಲ್ಲಿ ಗಂಗಮ್ಮನ್ನ ಬೇಡ್ಕೊಂಡು ನೀರಿಂದ ಏನು ಮೇಲೆ ಬರುತ್ತೆ ಅಂತ ಕಾಯ್ತಾ ಕೂತಿರ್ತಾರೆ. ಒಂದು ಎಚ್ಚರಿಕೆ, ಡ್ಯಾಂ ತುಂಬಿದ ವರ್ಷ ಹಿನ್ನೀರಿನ ಪಕ್ಕದ ಕೆಲವು ರಸ್ತೆ ಮುಳುಗಿರುತ್ತೆ, ಮ್ಯಾಪ್ ನಂಬಬೇಡಿ, ಟೀ ಅಂಗಡಿಲಿ ಕೇಳಿ.

ಇಲ್ಲೇ ಒಂದ್ಸಲ ನನ್ನ ಸೈಕಲ್ ಕೆಟ್ಟಿತ್ತು. ಡಿಸೆಂಬರ್, ಒಕ್ಕಣೆ ಟೈಮು, ರಸ್ತೆ ಮೇಲೆ ಹುರುಳಿ ಹರಡಿದ್ರು, ಗಾಡಿ ಹೋದ್ರೆ ಕಾಳು ಬಿಡುತ್ತಲ್ಲ ಅದಕ್ಕೆ. ಕಾರಿನವರು ಹೋಗ್ತಾರೆ ನಾನ್ಯಾಕೆ ಹೋಗಬಾರದು ಅಂತ ಮೇಲೇ ಓಡಿಸಿದೆ. ಹತ್ತು ಮಾರು ಹೋಗಿಲ್ಲ, ಒಣಗಿದ ಬಳ್ಳಿ ಹಿಂದಿನ ಡಿರೈಲರ್‌ಗೆ (ಚೈನ್ ಸರಿಸಿ ಗೇರ್ ಬದಲಿಸೋ ಭಾಗ) ಸುತ್ಕೊಂಡು ಕಟಕಟ ಅಂತ ಸದ್ದು, ಚೈನ್ ಬಿಗಿದು ಚಕ್ರನೇ ನಿಂತೋಯ್ತು. ಹೊಲದ ಯಜಮಾನಿ ಓಡಿ ಬಂದು "ಅಣ್ಣ ಎಳೀಬ್ಯಾಡ, ಮುರಿತದೆ" ಅಂತ ಕುಡುಗೋಲು ತಂದು ಒಂದೊಂದೇ ಎಳೆ ಕುಯ್ದು ಬಿಡಿಸಿದ್ರು, ಅರ್ಧ ಗಂಟೆ ಹಿಡೀತು. ಡಿರೈಲರ್‌ನ ಫ್ರೇಮ್‌ಗೆ ಹಿಡಿದಿಡೋ ಹ್ಯಾಂಗರ್ ಸ್ವಲ್ಪ ಬಗ್ಗಿತ್ತು, ಅವತ್ತು ಹಿಂದಿನ ಎರಡೇ ಗೇರ್‌ನಲ್ಲಿ ಹೊಸದುರ್ಗ ಮುಟ್ಟಿದೆ. ಆವತ್ತಿಂದ ಒಕ್ಕಣೆ ಕಂಡ್ರೆ ಇಳಿದು ಪಕ್ಕದಲ್ಲಿ ತಳ್ಕೊಂಡು ಹೋಗ್ತೀನಿ, ಮತ್ತೆ ಒಂದು ಸ್ಪೇರ್ ಹ್ಯಾಂಗರ್ ಬ್ಯಾಗಲ್ಲಿ ಇದ್ದೇ ಇರುತ್ತೆ. ನೀವೂ ಇಟ್ಕೊಳ್ಳಿ, ನಿಮ್ಮ ಮಾಡೆಲ್‌ದು ಇಲ್ಲಿ ಯಾವ ಅಂಗಡಿಲೂ ಸಿಗಲ್ಲ.

ಪಂಕ್ಚರ್ ವಿಷಯ. ಜಾಲಿ ಮುಳ್ಳು ಕಣ್ಣಿಗೆ ಕಾಣುತ್ತೆ, ಬಳಸ್ಕೊಂಡು ಹೋಗಬಹುದು. ನೆಗ್ಗಿಲು ಮುಳ್ಳು ಹಾಗಲ್ಲ, ಕಡಲೆಕಾಳಿನಷ್ಟು ಇರುತ್ತೆ, ಹೇಗೆ ಬಿದ್ರೂ ಒಂದು ಮೊನೆ ಮೇಲಕ್ಕೇ ಇರುತ್ತೆ, ಟೈರ್ ಒಳಗೆ ಮುರಿದುಕೊಂಡು ಕೂತ್ರೆ ಹೊಸ ಟ್ಯೂಬ್ ಹಾಕಿದ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತೆ. ಬೆರಳಾಡಿಸಿದ್ರೆ ಸಿಗಲ್ಲ. ಸ್ವಲ್ಪ ಹತ್ತಿ ತಗೊಂಡು ಟೈರಿನ ಒಳಗೆ ನಿಧಾನಕ್ಕೆ ಒಂದು ಸುತ್ತು ಒರೆಸಿ, ಮುಳ್ಳು ಇರೋ ಕಡೆ ಎಳೆ ಸಿಕ್ಕಾಕ್ಕೊಳ್ಳುತ್ತೆ, ಅಲ್ಲಿ ಚಿಮಟದಲ್ಲಿ ಕೀಳಿ. ರಸ್ತೆ ಬಿಟ್ಟು ಮಣ್ಣಿಗೆ ಇಳಿದಾಗ ಸೈಕಲ್ ಎತ್ತಿ ಇಡಿ, ಅರ್ಧ ಪಂಕ್ಚರ್ ಅಲ್ಲೇ ತಪ್ಪುತ್ತೆ. ಟೈರ್ 35 ಎಂಎಂಗಿಂತ ಸಣ್ಣದು ಬೇಡ.

ಇನ್ನು ಗಾಳಿ. ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಹೇಗೆ ಬೀಸುತ್ತೆ ಅಂದ್ರೆ ಇಳಿಜಾರಲ್ಲೂ ಪೆಡಲ್ ತುಳೀಬೇಕು. ಒಂದು ಆಷಾಢದಲ್ಲಿ ಹೊಳಲ್ಕೆರೆ ಕಡೆ ಗಾಳಿಗೆ ಎದೆ ಕೊಟ್ಟು ಸಾಕಾಗಿ ನಿಂತಿದ್ದಾಗ ಕುರಿ ಕಾಯೋರೊಬ್ಬರು, "ದೊಡ್ಡ ರೋಡಲ್ಲಿ ಯಾಕೆ ಒದ್ದಾಡ್ತೀರಿ, ಗುಡ್ಡದ ಮರೆಗೆ ಹೋಗ್ರಿ, ನಮ್ಮ ಕುರಿನೂ ಅಲ್ಲೇ ಹೋಗ್ತವೆ" ಅಂತ ಮೂಡಲ ಕಡೆಯ ತಪ್ಪಲಲ್ಲಿ ಹೋಗೋ ಹಳ್ಳಿ ದಾರಿ ತೋರಿಸಿದ್ರು. ನಿಜವಾಗ್ಲೂ ಅಲ್ಲಿ ಎಲೆನೂ ಅಲ್ಲಾಡ್ತಿರಲಿಲ್ಲ. ನಿಮಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು, ಆಗ ಗಾಳಿ ಮೂಡಲಿಂದ, ಜೋರೂ ಇರಲ್ಲ, ಅದಕ್ಕೇ ಹಿರಿಯೂರಿಂದ ಪಶ್ಚಿಮಕ್ಕೆ ಬರೋ ಹಾಗೆ ಈ ದಾರಿ ಹೇಳಿದ್ದು, ಬೆನ್ನಿಗೆ ಗಾಳಿ ಸಿಗುತ್ತೆ.

ಹೊಸದುರ್ಗದಲ್ಲಿ ಊಟ ಮಾಡಿ ಸಂಜೆಗೆ ಹೊಳಲ್ಕೆರೆ ಸೇರಬಹುದು, ಸುಸ್ತಾಗಿದ್ರೆ ಹೊಸದುರ್ಗದಲ್ಲೇ ಉಳೀರಿ, ಲಾಡ್ಜ್ ಇವೆ. ಭೀಮಸಮುದ್ರದ ಕೆರೆ ಚೆನ್ನಾಗಿದೆ ಅಂತ ಯಾರಾದ್ರೂ ಹೇಳ್ತಾರೆ, ಕೆರೆ ಚೆನ್ನಾಗಿರೋದು ನಿಜ, ಆದ್ರೆ ಆ ಕಡೆ ಅದಿರು ಲಾರಿ ಓಡಾಡ್ತವೆ, ಕೆಂಪು ಧೂಳು, ಸೈಕಲ್‌ನಲ್ಲಿ ನಾನು ಹೋಗಲ್ಲ.

ಮೂರನೇ ದಿನ ಚಿಕ್ಕಜಾಜೂರಿನ ಕಡೆಯಿಂದ ಚನ್ನಗಿರಿ ತಾಲೂಕಿಗೆ ನುಗ್ಗಿ. ಇಲ್ಲಿಂದ ನೆಲದ ಬಣ್ಣನೇ ಬದಲಾಗುತ್ತೆ, ಅಡಿಕೆ ತೋಟ ಶುರು, ನೆರಳು ಜಾಸ್ತಿ. ಸಂತೆಬೆನ್ನೂರಿನ ಪುಷ್ಕರಿಣಿ ನೋಡಿ, ಆಮೇಲೆ ಸೂಳೆಕೆರೆ, ಶಾಂತಿಸಾಗರ ಅಂತಲೂ ಕರೀತಾರೆ. ಇಷ್ಟು ದೊಡ್ಡ ಕೆರೆಗೆ ಕಟ್ಟೆ ಉದ್ದ ಎಷ್ಟು ಕಮ್ಮಿ ಅಂತ ನೋಡಿ ಆಶ್ಚರ್ಯ ಆಗುತ್ತೆ, ಯಾಕಂದ್ರೆ ಹರಿದ್ರಾ ಹಳ್ಳ ಎರಡು ಗುಡ್ಡದ ನಡುವೆ ನುಸುಳೋ ಜಾಗನ ಸರಿಯಾಗಿ ಹುಡುಕಿ ಕಟ್ಟಿದ್ದಾರೆ, ಸಾವಿರ ವರ್ಷದ ಹತ್ರ ಹತ್ರ ಆಯ್ತು ಇನ್ನೂ ನಿಂತಿದೆ. ಗುಡ್ಡದ ಮೇಲೆ ಸಿದ್ದೇಶ್ವರನ ಗುಡಿ, ಮೆಟ್ಟಿಲು ಹತ್ತಿ ನಿಂತ್ರೆ ಒಂದು ಕಡೆ ಸಮುದ್ರದ ಥರ ನೀರು, ಇನ್ನೊಂದು ಕಡೆ ಅದೇ ನೀರು ಕುಡಿದ ಗದ್ದೆ ತೋಟ. ಎರಡು ದಿನ ಒಣ ಗುಡ್ಡ ನೋಡ್ಕೊಂಡು ಬಂದ ಮೇಲೆ ಇದನ್ನ ನೋಡಬೇಕು, ನೇರ ಕಾರಲ್ಲಿ ಬಂದು ಇಳಿದವರಿಗೆ ಆ ಖುಷಿ ಸಿಗಲ್ಲ.

ಅಲ್ಲಿಂದ ದಾವಣಗೆರೆಗೆ ಭದ್ರಾ ನಾಲೆ ಪಕ್ಕದ ಹಳ್ಳಿ ರಸ್ತೆಗಳಲ್ಲಿ ಬನ್ನಿ, ಪೂರ್ತಿ ಸಮತಟ್ಟು. ಬಿಸಿಲು ಇಳಿಯೋ ಹೊತ್ತಿಗೆ ಊರು ಮುಟ್ಟಿದ್ರೆ ಮಂಡಕ್ಕಿ-ಮಿರ್ಚಿ, ಬೆಳಗ್ಗೆ ಎದ್ದು ಬೆಣ್ಣೆ ದೋಸೆ. ವಾಪಸ್ ಹೋಗೋಕೆ ರೈಲು ಅನುಕೂಲ, ಸೈಕಲ್‌ನ ಲಗೇಜ್ ಅಂತ ಬುಕ್ ಮಾಡಬೇಕು, ರೈಲು ಬರೋ ಟೈಮ್‌ಗಿಂತ ಬಹಳ ಮುಂಚೆ ಸ್ಟೇಷನ್‌ನಲ್ಲಿರಿ.

ಯಾವ ತಿಂಗಳು ಬರ್ತೀರ ಅಂತ ಕೆಳಗೆ ಬರೀರಿ. ಅಕ್ಟೋಬರ್, ನವೆಂಬರ್ ಶುರು ಆದ್ರೆ ದಾವಣಗೆರೆ ಸುತ್ತ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಗೋಕೆ ಹಾಕಿರ್ತಾರೆ, ಕೊನೇ ಇಪ್ಪತ್ತು ಕಿಲೋಮೀಟರ್‌ಗೆ ಬೇರೆ ದಾರಿ ಹೇಳ್ತೀನಿ.