ಕನ್ನಡ ಬರಹ ಓದಿ ಕಂಪ್ಯೂಟರು ತಾನಾಗಿಯೇ ವಿಷಯ ಕಲಿಯುವ ಹಾಗೆ, ಯಾರೂ ತಿದ್ದದ ಹಾಗೆ ಮಾಡುವುದು ಹೇಗೆ?

ಯಾರೂ ತಿದ್ದಬಾರದು ಅಂತೀರಲ್ಲ, ಎಂ.ಟೆಕ್ ಕೊನೆಯ ವರ್ಷ ನಾನೂ ಇದನ್ನೇ ಹೇಳಿಕೊಂಡು ತಿರುಗಿದವನು. ನನ್ನ ಪ್ರೋಗ್ರಾಂ ಕುವೆಂಪು ಅವರನ್ನು ನದಿ ಮಾಡಿಬಿಟ್ಟಿತು.

ಕಾವೇರಿ, ತುಂಗಾ, ಭದ್ರಾ, ಶರಾವತಿ ಅಂತ ನಾಲ್ಕು ಹೆಸರು ಕೊಟ್ಟಿದ್ದೆ. ಇವು ಎಂಥ ವಾಕ್ಯದಲ್ಲಿ ಬರುತ್ತವೆ ನೋಡು, ಅದೇ ಅಚ್ಚಿನಲ್ಲಿ ಬೇರೆ ಹೆಸರು ಸಿಕ್ಕರೆ ಅದೂ ನದಿ, ಅದರಿಂದ ಮತ್ತೆ ಹೊಸ ಅಚ್ಚು ಹುಡುಕು. ಇಷ್ಟೇ ಲೆಕ್ಕ. ಮೊದಲ ದಿನ ನೇತ್ರಾವತಿ, ಹೇಮಾವತಿ ಬಂದವು. ಖುಷಿಯಾಗಿ ಒಂದು ವಾರ ಪಟ್ಟಿ ತೆಗೆದೇ ನೋಡಲಿಲ್ಲ.

ತಪ್ಪು ಆಗಿದ್ದು ಅದಕ್ಕೂ ಮೊದಲು. ಕನ್ನಡದ ಕ್ರಿಯಾಪದಕ್ಕೆ ನೂರೆಂಟು ಬಾಲ, ಅಲ್ವಾ? ಕೆಲಸ ಸುಲಭವಾಗಲಿ ಅಂತ ಎಲ್ಲ ಬಾಲ ಕತ್ತರಿಸಿದ್ದೆ. 'ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತದೆ', 'ಶರಾವತಿ ಅಂಬುತೀರ್ಥದಲ್ಲಿ ಹುಟ್ಟುತ್ತದೆ'. ಪ್ರೋಗ್ರಾಂಗೆ ಉಳಿದದ್ದು ಬರೀ 'ಹುಟ್ಟು'. 'ಕುವೆಂಪು ಹಿರೇಕೊಡಿಗೆಯಲ್ಲಿ ಹುಟ್ಟಿದರು', 'ಬೇಂದ್ರೆ ಧಾರವಾಡದಲ್ಲಿ ಹುಟ್ಟಿದರು'. ಅಲ್ಲೂ 'ಹುಟ್ಟು'. '-ತ್ತದೆ' ಅಂದರೆ ಮನುಷ್ಯರಲ್ಲ, '-ದರು' ಅಂದರೆ ಮನುಷ್ಯರು ಅಂತ ನಮ್ಮ ಭಾಷೆ ಬಿಟ್ಟಿಯಾಗಿ ಹೇಳಿಕೊಡುತ್ತಿತ್ತು. ಅದನ್ನೇ ಕಸ ಅಂತ ಗುಡಿಸಿ ಹಾಕಿದ್ದೆ! ಮುಂದಿನ ಸುತ್ತಿನಲ್ಲಿ ಇಬ್ಬರ ಹೆಸರಿನಿಂದ 'ಅವರ ಕವನ ಸಂಕಲನ' ಅನ್ನೋ ಅಚ್ಚು ಕಲಿಯಿತು. ಅಲ್ಲಿಗೆ ನವೋದಯದ ಕವಿಗಳೆಲ್ಲ ನದಿ. ಗೈಡ್ ಪಟ್ಟಿ ನೋಡಿ, "ಬೇಂದ್ರೆ ಯಾವ ಸಮುದ್ರ ಸೇರ್ತಾರಪ್ಪಾ?" ಅಂದರು. ಮೂರು ವಾರದ ಕೆಲಸ ಅಳಿಸಿದೆ.

ಬಾಲ ಉಳಿಸಿಕೊಂಡರೆ ಸಾಕಾ ಅಂದರೆ, ಇಲ್ಲ. 'ಹುಟ್ಟಿದ್ದು' ಅನ್ನೋದು ನದಿಗೂ ಸರಿ, ಕವಿಗೂ ಸರಿ. ಹಾಗಾಗಿ 'ಯಾರೂ ತಿದ್ದದೆ' ಅನ್ನೋ ಹಟವನ್ನೇ ಬಿಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರಲ್ಲಿ ನೆಲ್ ಅನ್ನೋ ಪ್ರೋಗ್ರಾಂ ಶುರು ಮಾಡಿತು. ಹಗಲೂ ರಾತ್ರಿ ಜಾಲತಾಣ ಓದಿ ಕಲಿಯೋದೇ ಅದರ ಕೆಲಸವಾಗಿತ್ತು. ಒಂದು ವರ್ಗದ ಹೆಸರು ಇನ್ನೊಂದು ವರ್ಗಕ್ಕೆ ನುಗ್ಗದ ಹಾಗೆ ಬೇಲಿಯನ್ನೂ ಹಾಕಿದ್ದರು. ಆದರೂ ಬ್ರೌಸರಿನ ಕುಕೀಗಳನ್ನು (ಜಾಲತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಉಳಿಸುವ ಚಿಕ್ಕ ಮಾಹಿತಿ, ಬಿಸ್ಕತ್ತಿಗೂ ಅದೇ ಹೆಸರು) ಬೇಕರಿ ತಿಂಡಿಗೆ ಸೇರಿಸಿತು. ಜನ ಕುಕೀ ಅಳಿಸುತ್ತಾರೆ, ಫೈಲೂ ಅಳಿಸುತ್ತಾರೆ, ಹಾಗಾಗಿ ಫೈಲೂ ಬೇಕರಿ ತಿಂಡಿ! ಕೆಲವು ತಿಂಗಳು ಸುಮ್ನೆ ಬಿಟ್ಟಿದ್ದವರು ಆಮೇಲೆ ತಾವೇ ಆಗಾಗ ಕೂತು ತಿದ್ದತೊಡಗಿದರು.

ನೀವು ಪ್ರತಿದಿನ ಬೆಳಿಗ್ಗೆ ಹೊಸದಾಗಿ ಕಲಿತ ಅಚ್ಚುಗಳನ್ನು ಓದಿ. ಹೆಸರುಗಳನ್ನಲ್ಲ, ಅವು ಸಾವಿರ ಇರುತ್ತವೆ. ಅಚ್ಚುಗಳು ಇಪ್ಪತ್ತೋ ಮೂವತ್ತೋ ಇರುತ್ತವೆ, ಒಂದು ಲೋಟ ಕಾಫಿ ಮುಗಿಯೋ ಅಷ್ಟರಲ್ಲಿ ಆಗುತ್ತದೆ.