ಫಿಸಿಕ್ಸ್ ಶುರು ಮಾಡೋಕೆ ಒಂದು ದಾರ, ಒಂದು ನಟ್ಟು

‘ಪಿಯುಸಿ ಸೈನ್ಸ್ ತಗೊಂಡೀನಿ, ಫಿಸಿಕ್ಸ್ ಅಂದ್ರ ಸೂತ್ರ ಬಾಯಿಪಾಠ ಮಾಡೋದ ಏನ್ರಿ?’ ಅಂತ ವಿಜಯಪುರದಿಂದ ಕೇಳಿದ್ದೀರಿ. ಅಲ್ಲ. ಊಹಿಸುವುದು, ಅಳೆಯುವುದು, ಅಳತೆ ಒಪ್ಪದಿದ್ದರೆ ಊಹೆಯನ್ನು ಬಿಡುವುದು: ಕೆಲಸ ಇಷ್ಟೇ. ಸೂತ್ರ ಆಮೇಲಿನದು.

ಪಂಚಮಿ ಜೋಕಾಲಿಯನ್ನೇ ತಗೊಳ್ಳಿ. ಒಬ್ಬರ ಬದಲು ಇಬ್ಬರು ಕೂತರೆ ಅದು ಬೇಗ ಹೋಗಿ ಬರುತ್ತದೋ, ತಡವಾಗಿಯೋ? ನಿಮ್ಮ ಉತ್ತರ ಬರೆದಿಟ್ಟು ಮುಂದೆ ಓದಿ.

ಜೋಕಾಲಿಯ ಪುಟ್ಟ ರೂಪ, ಅಂದರೆ ಲೋಲಕ, ಮಾಡಿ ನೋಡೋಣ. ಹತ್ತಿಯ ಗಟ್ಟಿ ದಾರಕ್ಕೆ ದಪ್ಪ ನಟ್ಟು ಕಟ್ಟಿ. ದಾರವನ್ನು ಮೊಳೆಗೆ ಸುತ್ತಬೇಡಿ, ತೂಗುವಾಗ ಜಾರಿ ಉದ್ದ ಬದಲಾಗುತ್ತದೆ. ಎರಡು ಕಟ್ಟಿಗೆ ತುಂಡುಗಳ ನಡುವೆ ಬಿಗಿಯಾಗಿ ಹಿಡಿಸಿ. ಅಲ್ಲಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ 100 ಸೆಂ.ಮೀ. ಇರಲಿ, ಕಟ್ಟಿದ ಮೇಲೆಯೇ ಅಳೆಯಿರಿ, ಗಂಟು ಒಂದಿಷ್ಟು ದಾರ ನುಂಗುತ್ತದೆ. ಫ್ಯಾನ್ ಆರಿಸಿ. ನಟ್ಟನ್ನು 10 ಸೆಂ.ಮೀ. ಪಕ್ಕಕ್ಕೆಳೆದು, ತಳ್ಳದೆ ಬಿಡಿ.

ಎಡವುವುದು ಎಣಿಕೆಯಲ್ಲಿ. ನಟ್ಟು ನಡುಗೆರೆ (ಅಲುಗದೆ ನೇತಾಡುವಾಗ ಅದು ನಿಲ್ಲುವ ಜಾಗ) ದಾಟುವಾಗ ‘ಸೊನ್ನೆ’ ಎಂದು ಸ್ಟಾಪ್‌ವಾಚ್ ಒತ್ತಿ. ಅದೇ ದಿಕ್ಕಿನಲ್ಲಿ ಮತ್ತೆ ದಾಟಿದಾಗ ‘ಒಂದು’. 20ಕ್ಕೆ ನಿಲ್ಲಿಸಿ. 40.1 ಸೆಕೆಂಡಿನ ಆಸುಪಾಸು ಬರಬೇಕು, ಅಂದರೆ ಒಂದು ತೂಗಿಗೆ 2 ಸೆಕೆಂಡ್ ಚಿಲ್ಲರೆ. 39.48ನ್ನು (ಇದು 4π²) ಮೀಟರಿನಲ್ಲಿರುವ ಉದ್ದದಿಂದ ಗುಣಿಸಿ, ಒಂದು ತೂಗಿನ ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಏರುವ ಪ್ರಮಾಣ, ಸುಮಾರು 9.8 ಮೀ/ಸೆ². ನಿಮಗೆ 10.9 ಬಂದರೆ ಭೂಮಿಯದೇನೂ ತಪ್ಪಿಲ್ಲ, ನೀವು ‘ಒಂದು’ ಅಂತ ಶುರು ಮಾಡಿ 19 ತೂಗನ್ನು 20 ಎಂದಿದ್ದೀರಿ.

ಇಪ್ಪತ್ತೇ ಯಾಕೆ? ಬೆರಳು 0.2 ಸೆಕೆಂಡ್ ತಡವಾಯಿತೆನ್ನಿ. ಒಂದೇ ತೂಗು ಅಳೆದಿದ್ದರೆ ಕಾಲದಲ್ಲಿ ಶೇ. 10 ತಪ್ಪು, ವರ್ಗ ಮಾಡುವುದರಿಂದ ಉತ್ತರದಲ್ಲಿ ಸುಮಾರು ಶೇ. 20. ಇಪ್ಪತ್ತು ಅಳೆದರೆ ಅದೇ ತಪ್ಪು ಶೇ. 1ಕ್ಕೆ ಇಳಿಯುತ್ತದೆ. ಇದು ತಿಳಿದರೆ ಪ್ರಾಕ್ಟಿಕಲ್‌ನ ಅರ್ಧ ಪಾಠ ಬಂತು ಅಂತ ನನ್ನ ಲೆಕ್ಕ.

ಈಗ ದಾರವನ್ನು 25 ಸೆಂ.ಮೀ.ಗೆ ಇಳಿಸಿ. ಉದ್ದ ಕಾಲುಭಾಗವಾದರೂ ಕಾಲ ಅರ್ಧಕ್ಕಷ್ಟೇ ಇಳಿದು 1 ಸೆಕೆಂಡ್ ಆಗುತ್ತದೆ. ಉದ್ದ ಬದಲಾಗದಿದ್ದರೆ ಪ್ರತಿ ತೂಗಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ, ಇದನ್ನೇ ನಂಬಿ ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ. ನಿಮ್ಮೂರಿನ ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದೂ ಅದೇ ವರ್ಷ.

ಕೊನೆಗೆ ನಟ್ಟು ಎರಡು ಮಾಡಿ. ಕಾಲ ಬದಲಾಗುವುದಿಲ್ಲ, ಜೋಕಾಲಿಯಲ್ಲಿ ಇಬ್ಬರು ಕೂತರೂ ಹಾಗೆಯೇ. ಆದರೆ ಎರಡನೆಯದನ್ನು ಮೊದಲಿನದರ ಕೆಳಗೆ ಜೋತುಬಿಟ್ಟರೆ ಭಾರದ ನಡು ಕೆಳಗಿಳಿದು ಕಾಲ ಹೆಚ್ಚುತ್ತದೆ. ಪಕ್ಕಪಕ್ಕ ಕಟ್ಟಿ.