ಸೈಕಲ್ ತುಳಿಯಲು ಚಪ್ಪಲಿ ಸಾಲದೇ?

ಪ್ರಶ್ನೆ: ಜಯನಗರದಿಂದ ಕಬ್ಬನ್ ಪಾರ್ಕ್ ಬಳಿಯ ಕಚೇರಿಗೆ ಹವಾಯಿ ಚಪ್ಪಲಿಯಲ್ಲೇ ಸೈಕಲ್ ತುಳಿಯುತ್ತೇನೆ. ಪಾದ ಜೋಮು ಹಿಡಿಯುತ್ತದೆ. ಶೂ ಅಗತ್ಯವೇ?

ಉತ್ತರ: ಖಂಡಿತ ಅಗತ್ಯ. ಪೆಡಲಿನ ಮೇಲೆ ಭಾರ ಬೀಳುವುದು ಬೆರಳುಗಳ ಬುಡದ ಅಗಲವಾದ ಭಾಗದಿಂದ. ಚಪ್ಪಲಿಯ ಮೆತ್ತನೆಯ ಅಟ್ಟೆ ಅಲ್ಲಿ ಬಾಗಿ, ಪೆಡಲಿನ ಅಂಚು ಅಂಗಾಲನ್ನು ಒತ್ತುವುದರಿಂದ ನರಗಳ ಮೇಲೆ ಒತ್ತಡ ಬಿದ್ದು ಜೋಮು ಬರುತ್ತದೆ. ಚಪ್ಪಲಿ ಜಾರದಂತೆ ಬೆರಳುಗಳನ್ನು ಸದಾ ಬಿಗಿಹಿಡಿಯುವುದರಿಂದ ಪಾದವೂ ಬೇಗ ದಣಿಯುತ್ತದೆ. ಮಳೆಯಲ್ಲಿ ಒದ್ದೆಯಾದ ಅಟ್ಟೆ ಜಾರುವುದು, ಸಿಗ್ನಲ್ಲಿನಲ್ಲಿ ಕಾಲೂರುವಾಗ ಚಪ್ಪಲಿ ಕಳಚುವುದು ನನ್ನ ದೃಷ್ಟಿಯಲ್ಲಿ ಜೋಮಿಗಿಂತ ದೊಡ್ಡ ಅಪಾಯ.

ಪೆಡಲಿಗೆ ಸಿಕ್ಕಿಸುವ ದುಬಾರಿ ಕ್ಲೀಟ್ ಶೂ ನಿಮಗೆ ಬೇಡ. ಸುಲಭವಾಗಿ ಬಾಗದ, ಚಪ್ಪಟೆ ಅಟ್ಟೆಯ, ಬೆರಳುಗಳಿಗೆ ಜಾಗವಿರುವ ಶೂ ಸಾಕು. ಪಾದ ತುಸು ಊದಿರುವ ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಿ ಕೊಳ್ಳಿ. ಬಲಗಾಲಿನ ಲೇಸು ಚೈನಿಗೆ ಸಿಲುಕುವ ಸಂಭವವಿರುವುದರಿಂದ ಅದರ ತುದಿಯನ್ನು ಶೂ ಒಳಗೆ ಸೇರಿಸಿಕೊಳ್ಳಿ.